ಮಂಜರಾಬಾದಿನ ಎಲಿಯಟ್ ಮನೆತನವೂ ಪಲ್ಪರುಮನೆಯ ಸಮುದಾಯವೂ

೧

ರಾಜವಂಶಗಳ ಚರಿತ್ರೆಗೆ ಶಾಸನಗಳು ಹೇಗೆ ಆಧಾರವೋ, ಮಲೆನಾಡಿನ ಕಾಫಿತೋಟಗಳ ಚರಿತ್ರೆಗೆ ತೋಟದ ಯಜಮಾನರು ಬರೆದಿಟ್ಟ ಗ್ರಂಥಗಳು ಹಾಗೆ ಆಧಾರವಾಗಿವೆ. ಈ ಎರಡು ಬಗೆಯ ಆಧಾರಗಳಿಗೂ ಸಮಾನವಾದ ಒಂದು ನ್ಯೂನತೆಯುಂಟು. ದತ್ತಿಯ ಶಾಸನದಲ್ಲಿ ಭೂಮಿಯನ್ನು ಕೊಟ್ಟವನ ಹೆಸರೂ ಪಡೆದವನ ಹೆಸರೂ ಇರುವುವು. ಆ ಭೂಮಿಯನ್ನು ಉತ್ತವನ ಹೆಸರಿರುವುದು ವಿರಳ. ಹಾಗೆಯೇ ತೋಟದ ಗ್ರಂಥದಲ್ಲಿ ಗಿಡವನ್ನು ನೆಡಿಸಿದವರ ಹೆಸರಿರುವುದು, ನೆಟ್ಟವರ ಹೆಸರಿರುವುದಿಲ್ಲ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ಕಾಫಿಯ ನೆಲೆಗಳು ಹುಟ್ಟಿ ಬೆಳೆದ ಕ್ರಮವನ್ನು ವಿಚಾರಿಸುವಾಗ ಈ ನ್ಯೂನತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯಕ.

ಈ ಬೆಟ್ಟಗಳಲ್ಲಿ ಮೊದಮೊದಲು ನೆಲಸಿದ ಐರೋಪ್ಯ ಮನೆತನಗಳು ಹಲವು. ಅವುಗಳಲ್ಲಿ ತನ್ನ ಅನುಭವವನ್ನು ವಿಸ್ತಾರವಾಗಿ ಬರೆದಿಟ್ಟವರು ರಾಬರ್ಟ್ ಹೆನ್ರಿ ಎಲಿಯಟ್ ಸಾಹೇಬರು. ಅವರ ‘ಎಕ್ಸ್‌ಪೀರಿಯೆನ್ಸಸ್ ಆಫ್ ಎ ಪ್ಲಾಂಟರ್’ ಎಂಬ ಗ್ರಂಥವು ೧೮೭೧ರಲ್ಲಿಯೂ, ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಎಂಬ ಗ್ರಂಥವು ೧೮೯೪ರಲ್ಲಿಯೂ ಪ್ರಕಟವಾದುವು. ಸ್ಥಾಲೀಪುಲಾಕನ್ಯಾಯದಂತೆ ಈ ಒಂದು ಮನೆತನದ ನೆಲೆಯನ್ನು ಪರೀಕ್ಷಿಸಿದರೆ ಉಳಿದ ನೆಲೆಗಳ ಸ್ವರೂಪವೂ ಬಹುಮಟ್ಟಿಗೆ ತಿಳಿದುಬರುವುದು.

ಇಲ್ಲಿ ಪ್ರತಿಪಾದಿಸುವ ವಿಷಯವಿಷ್ಟು: ತೋಟಕ್ಕೆ ಹೆಸರನ್ನು ತಂದುದು ದೊರೆಯ ಬಂಗಲೆಯಾದರೂ, ತೋಟವನ್ನು ಒಂದು ಜನವಸತಿಯನ್ನಾಗಿ ಮಾಡಿದುದು ಹಳ್ಳದ ದಡದಲ್ಲಿ ನಿಂತ ಪಲ್ಪರುಮನೆ, ಎಂದರೆ ಕಾಫಿಹಣ್ಣಿನ ತಿರುಳನ್ನು ಬಿಡಿಸುವ ಯಂತ್ರದ ಮನೆ. ಬಂಗಲೆಯ ಯಜಮಾನರು ಬಂದರು, ಹೋದರು. ಪಲ್ಪರುಮನೆಯ ಸುತ್ತ ಕೂಡಿದ ಜನರು ನೆಲೆನಿಂತರು. ಈ ಜನರ ಚರಿತ್ರೆಗೆ ಸಾಕ್ಷ್ಯವು ಗ್ರಂಥಗಳಲ್ಲಿ ಅಲ್ಪವಾಗಿಯೂ, ಸ್ಥಳನಾಮ, ವೃಕ್ಷನಾಮ ಮತ್ತು ಕೆಲಸದ ಮಾತುಗಳಲ್ಲಿ ಹೇರಳವಾಗಿಯೂ ಇದೆ.

೨

ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದು ಎಂಬ ಹೆಸರಿದ್ದಿತು. ಅದಕ್ಕೂ ಹಿಂದೆ ಈ ಸೀಮೆಯು ಬಲಂ ಎನಿಸಿದ್ದಿತು. ವಿಜಯನಗರದ ಅರಸರ ಕಾಲದಿಂದ ಇಲ್ಲಿ ಪಾಳೆಯಗಾರರ ಆಳ್ವಿಕೆ ನಡೆಯಿತು. ಬೇಲೂರು, ಐಗೂರುಗಳು ಅವರ ಸ್ಥಾನಗಳಾಗಿದ್ದುವು. ಟಿಪ್ಪು ಸುಲ್ತಾನನು ಘಟ್ಟದ ದಾರಿಯನ್ನು ಕಾಯುವ ಸಲುವಾಗಿ ನಕ್ಷತ್ರಾಕಾರದ ಎಂಟು ಮೂಲೆಗಳ ಕೋಟೆಯೊಂದನ್ನು ಕಟ್ಟಿಸಿದನು. ಅದು ಪೂರ್ಣವಾದುದು ೧೭೯೨ರಲ್ಲಿ. ಆ ಬೆಟ್ಟವನ್ನು ಮಂಜು ಮುಸುಕಿದುದನ್ನು ಕಂಡು ಸುಲ್ತಾನನು ಈ ಹೆಸರನ್ನಿಟ್ಟನೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಕನ್ನಡದ ‘ಮಂಜು’ ಶಬ್ದಕ್ಕೆ ಪಾರಸಿಯ ‘ಆಬಾದ್’ ಸೇರಿ ಹುಟ್ಟಿದ ಈ ಮಿಶ್ರಪದವು, ಮುಂದೆ ಈ ಸೀಮೆಯ ಮಾತಿನಲ್ಲಿ ನಡೆದ ಅನೇಕ ಮಿಶ್ರಣಗಳಿಗೆ ಮೊದಲಿನ ನಿದರ್ಶನದಂತಿದೆ. ಸುಲ್ತಾನನ ಪತನದ ಬಳಿಕ ಐಗೂರಿನ ವೆಂಕಟಾದ್ರಿನಾಯಕನು ಹೊಸ ಆಡಳಿತಕ್ಕೆ ಒಳಪಡದೆ ನಿಂತನು. ೧೮೦೨ರಲ್ಲಿ ಆತನು ಸೆರೆಸಿಕ್ಕಿ ಗಲ್ಲಿಗೇರಿದನು. ಅಲ್ಲಿಗೆ ಬಲಂ ಸೀಮೆಯ ಪಾಳೆಯಪಟ್ಟು ಕೊನೆಗೊಂಡಿತು.

ಈ ಸೀಮೆಯ ನೆಲವು ಪಶ್ಚಿಮದಿಂದ ಪೂರ್ವಕ್ಕೆ ಕ್ರಮವಾಗಿ ಇಳಿಯುತ್ತದೆ. ಪಶ್ಚಿಮದಲ್ಲಿ ಘಟ್ಟದ ನೆತ್ತಿಯ ದಟ್ಟವಾದ ಕಾಡು. ನಡುವೆ ಹೇಮಾವತಿಯ ಕಣಿವೆ. ಪೂರ್ವದಲ್ಲಿ ಆಲೂರು ತಾಲ್ಲೂಕಿನ ಪಾಳ್ಯ, ಕುಂದೂರು ಮೊದಲಾದ ಹೋಬಳಿಗಳ ಅರೆಮಲೆನಾಡು. ಕುಂದೂರಿನ ಕಡೆಯ ದಿಣ್ಣೆಗಳ ನಡುವಣ ತಗ್ಗುಗಳಲ್ಲಿ ಬತ್ತದ ಗದ್ದೆಗಳೂ, ಏರುಗಳಲ್ಲಿ ಹೊಲಗಳೂ, ಅವುಗಳ ಮೇಲೆ ಕುರುಚಲು ಕಾಡೂ ಇರುವುವು. ಹೀಗೆ ಅನ್ನ ಬೆಳೆಯುವ ನೆಲವೂ ಕಾಫಿ ಬೆಳೆಯುವ ನೆಲವೂ ಒಂದಕ್ಕೊಂದು ಅಂಟಿಕೊಂಡಿದ್ದುದು ಮುಂದಿನ ಚರಿತ್ರೆಗೆ ಒಂದು ಮುಖ್ಯ ಕಾರಣವಾಯಿತು. ಸಾವಿರಾರು ಜನರು ಕಾಡಿನಲ್ಲಿ ಕೂಡಿ ದುಡಿಯಬೇಕಾದರೆ ಅವರ ಹೊಟ್ಟೆಗೆ ಅಕ್ಕಿಯೂ ರಾಗಿಯೂ ಸಮೀಪದಿಂದಲೇ ಬರಬೇಕಲ್ಲವೆ?

ಐರೋಪ್ಯರು ಬರುವುದಕ್ಕೆ ಮುಂಚೆ ಈ ಕಾಡು ಶೂನ್ಯವಾಗಿದ್ದಿತೆಂದು ಭಾವಿಸಲಾಗದು. ಗೌಡರ ಮನೆಗಳೂ ಗದ್ದೆಗಳೂ ಕಣಿವೆಗಳಲ್ಲಿದ್ದುವು. ಘಟ್ಟದ ಕಾಡಿನಲ್ಲಿ ಏಲಕ್ಕಿಯನ್ನು ಸಂಗ್ರಹಿಸುವ ವೃತ್ತಿ ಇದ್ದಿತು. ಬಾಬಾಬುಡನ್ ಗಿರಿಯಲ್ಲಿ ಮೊದಲು ನೆಲೆಯೂರಿದ ಕಾಫಿಗಿಡವು ಅಲ್ಲಿಂದ ಸುತ್ತಣ ಸೀಮೆಯ ಮನೆಗಳ ಹಿತ್ತಿಲುಗಳಿಗೆ ಹಬ್ಬಿದ್ದಿತು. ಹಿತ್ತಿಲಿನ ಗಿಡವು ತೋಟವಾದುದು ಐರೋಪ್ಯರ ಕಾಲದಲ್ಲಿ. ಗಿಡದ ಪರಿಚಯವು ಅದಕ್ಕಿಂತ ಹಳೆಯದು.

೩

ಚಿಕ್ಕಮಗಳೂರಿನ ಕಡೆಯ ಬೆಟ್ಟದಲ್ಲಿ ಕ್ಯಾನನ್ ಸಾಹೇಬರು ಮಾಡಿದ ತೋಟವು ಫಲಿಸಿದುದನ್ನು ಕಂಡು, ೧೮೪೩ರಲ್ಲಿ ಗ್ರೀನ್ ಎಂಬವರು ದಕ್ಷಿಣ ಮಂಜರಾಬಾದಿನ ಐಗೂರಿನ ಸಮೀಪದಲ್ಲಿ ತೋಟವನ್ನು ಆರಂಭಿಸಿದರು. ಪಾಳೆಯಗಾರರ ಹಳೆಯ ಸ್ಥಾನದ ಮಗ್ಗುಲಲ್ಲಿಯೇ ಕಾಫಿಯ ಹೊಸ ಯಜಮಾನಿಕೆಯು ಮೊಳೆತುದು ಗಮನಾರ್ಹವಾದ ಸಂಗತಿ. ಸುಮಾರು ಹದಿಮೂರು ವರ್ಷಗಳಾದ ಮೇಲೆ, ಎಂದರೆ ೧೮೫೬ರ ಸುಮಾರಿನಲ್ಲಿ, ಎಲಿಯಟ್ ಸಾಹೇಬರು ಇಲ್ಲಿ ನೆಲಸಿದರು. ಅವರು ಹುಟ್ಟಿದುದು ೧೮೩೭ರಲ್ಲಿ. ಆದುದರಿಂದ ಕಾಡಿಗೆ ಬಂದಾಗ ಅವರು ಇಪ್ಪತ್ತು ತುಂಬದ ತರುಣರಾಗಿದ್ದರು. ಅವರ ಮನೆತನವು ಸ್ಕಾಟ್‌ಲೆಂಡಿನ ಗಡಿಸೀಮೆಯಾದ ರಾಕ್ಸ್‌ಬರೊ ಪ್ರಾಂತದ್ದು. ಅಲ್ಲಿಯ ಕ್ಲಿಫ್ಟನ್ ಪಾರ್ಕ್ ಎಂಬುದು ಅವರ ಸ್ವಂತ ಭೂಮಿ.

ಮಂಜರಾಬಾದಿನಲ್ಲಿ ಅವರು ಮಾಡಿದ ತೋಟದ ಹೆಸರು ಬರ್ಚಿನಹಳ್ಳ. ಈ ಹೆಸರನ್ನು ಅವರು ತಮ್ಮ ಲಿಪಿಯಲ್ಲಿ ಬರೆದಿರುವ ರೀತಿಯನ್ನು ನೋಡಿದರೆ ಉತ್ತರಪದವು ‘ಹುಲ್ಲ’ ಎಂಬಂತೆ ಕಾಣುವುದು. ಆ ಕಾಲದ ಇಂಗ್ಲಿಷರು ನಮ್ಮ ಅಕಾರವನ್ನು ತಮ್ಮ ಉಕಾರದ ಅಕ್ಷರದಿಂದ ಸೂಚಿಸುತ್ತಿದ್ದರೆಂಬುದನ್ನು ನೆನೆದರೆ, ಅದು ‘ಹಳ್ಳ’ ಎಂಬುದು ಸ್ಪಷ್ಟವಾಗುತ್ತದೆ. ತೋಟಕ್ಕೆ ಸ್ಕಾಟ್‌ಲೆಂಡಿನ ಹೆಸರನ್ನಿಡದೆ, ನೀರು ಹರಿಯುವ ಹಳ್ಳದಿಂದಲೇ ಅದನ್ನು ಗುರುತಿಸಿದುದು ಎರಡು ಸಂಗತಿಗಳನ್ನು ತಿಳಿಸುತ್ತದೆ. ಒಂದನೆಯದಾಗಿ, ಆ ಜಾಗಕ್ಕೆ ಹೆಸರಿಟ್ಟವರು ಕನ್ನಡಿಗರು. ತೋಟಗಾರನು ಅವರಿಂದ ನೆಲವನ್ನು ಪಡೆದಂತೆ ನೆಲದ ಹೆಸರನ್ನೂ ಪಡೆದನು. ಎರಡನೆಯದಾಗಿ, ಕಾಫಿಯ ನೆಲೆಗೆ ಹಳ್ಳವು ಜೀವಾಳ. ಈ ಎರಡನೆಯ ಸಂಗತಿಯನ್ನು ಸ್ವಲ್ಪ ವಿವರಿಸಬೇಕಾಗಿದೆ.

೪

ಕಾಫಿಯ ಹಣ್ಣು ಕಾರ್ತಿಕದಿಂದ ಮಾಘದವರೆಗೆ, ಎಂದರೆ ನವಂಬರಿನಿಂದ ಫೆಬ್ರವರಿಯವರೆಗೆ, ಕೆಂಪಾಗಿ ಕುಯ್ಲಿಗೆ ಬರುತ್ತದೆ. ಅದನ್ನು ಸಂಸ್ಕರಿಸುವ ಕ್ರಮಗಳು ಎರಡು. ಹಣ್ಣನ್ನು ಇದ್ದಂತೆಯೇ ಕಣದಲ್ಲಿ ಹರಡಿ ಎರಡು ವಾರಗಳ ಕಾಲ ಬಿಸಿಲಿಗೆ ಒಣಗಿಸಿದರೆ ‘ಚೆರಿ’ ಎಂಬ ಬಗೆಯಾಗುವುದು. ಇದಕ್ಕೆ ಯಂತ್ರವೂ ಬೇಡ, ನೀರೂ ಬೇಡ. ಹಿತ್ತಿಲಿನಲ್ಲಿ ಹತ್ತು ಗಿಡಗಳಿದ್ದವರಿಗೆ ಈ ಕ್ರಮವೇ ಸಾಕಾಗಿದ್ದಿತು. ಎರಡನೆಯದು ನೀರಿನ ಕ್ರಮ. ಕುಯ್ದ ಹಣ್ಣನ್ನು ಅದೇ ದಿನ ಪಲ್ಪರು ಯಂತ್ರಕ್ಕೆ ಹಾಕಿ, ನೀರಿನೊಡನೆ ಹಾಯಿಸಿ, ಮೇಲಿನ ತಿರುಳನ್ನು ಬಿಡಿಸಬೇಕು. ಲೋಳೆ ಅಂಟಿದ ಬೀಜವನ್ನು ತೊಟ್ಟಿಯಲ್ಲಿ ಒಂದು ಒಂದೂವರೆ ದಿನ ಹುಳಿಯಲು ಬಿಟ್ಟು, ಬಳಿಕ ಹಲವು ನೀರುಗಳಲ್ಲಿ ತೊಳೆದು, ಕಣದಲ್ಲಿ ಒಣಗಿಸಬೇಕು. ಆಗ ದೊರೆಯುವುದು ತೆಳುಹೊಟ್ಟಿನೊಳಗಿನ ಬೀಜ. ಇದಕ್ಕೆ ‘ಪಾರ್ಚ್‌ಮೆಂಟು’ ಎಂದು ಹೆಸರು. ಲಂಡನ್ನಿನ ಪೇಟೆಯಲ್ಲಿ ಹೆಚ್ಚಿನ ಬೆಲೆಯು ಈ ಎರಡನೆಯ ಬಗೆಗೆ ಸಲ್ಲುತ್ತಿದ್ದಿತು.

ಇಲ್ಲಿ ಕಾಲದ ನಿರ್ಬಂಧವು ಬಲವಾಗಿರುವುದನ್ನು ಗಮನಿಸಬೇಕು. ಹಣ್ಣು ರಾತ್ರಿಯನ್ನು ಕಳೆದರೆ ರಾಶಿಯಲ್ಲಿಯೇ ಕಾವೇರಿ ಕೆಡುವುದು. ಮಾರುವ ಒಂದು ಮಣ ಬೀಜಕ್ಕೆ ಐದಾರು ಮಣ ಹಣ್ಣು ಬೇಕಾಗುವುದರಿಂದ ಅದನ್ನು ಬಹುದೂರ ಹೊತ್ತೊಯ್ಯುವುದೂ ಅಸಾಧ್ಯ. ಆದುದರಿಂದ ಪಲ್ಪರುಮನೆಯು ತೋಟದೊಳಗೇ, ಹಳ್ಳದ ಮಗ್ಗುಲಲ್ಲೇ ಇರಬೇಕಾಯಿತು. ಯಂತ್ರವು ಅಲ್ಲಿ ನಿಂತ ಮೇಲೆ ಕುಯ್ಯುವವರೂ, ಹೊರುವವರೂ, ತೊಳೆಯುವವರೂ, ಕಣದಲ್ಲಿ ಬೀಜವನ್ನು ಕೆದಕುವವರೂ, ಸಂಜೆಯ ಮೋಡ ಕಂಡೊಡನೆ ರಾಶಿಮಾಡಿ ಮುಚ್ಚುವವರೂ ಅಲ್ಲಿಯೇ ಸಮೀಪದಲ್ಲಿರಬೇಕಾಯಿತು. ಹೀಗೆ ನೀರು ಯಂತ್ರವನ್ನೂ, ಯಂತ್ರವು ಕಣವನ್ನೂ, ಕಣವು ಜನರನ್ನೂ ತನ್ನೆಡೆಗೆ ಸೆಳೆದುಕೊಂಡಿತು. ಬಂಗಲೆಯು ಗಾಳಿಯಾಡುವ ಗುಡ್ಡದ ಮೇಲೆ. ಪಲ್ಪರುಮನೆಯು ತಗ್ಗಿನ ಹಳ್ಳದಲ್ಲಿ. ಇವೆರಡರ ನಡುವೆ ಸಾಲಾಗಿ ಕಟ್ಟಿದ ಲೈನುಮನೆಗಳು. ಸಕಲೇಶಪುರದ ಬೆಟ್ಟಗಳಲ್ಲಿ ಹಳೆಯ ತೋಟಗಳ ವಿನ್ಯಾಸವು ಬಹುಮಟ್ಟಿಗೆ ಹೀಗೆಯೇ ಇದೆ. ಇದಕ್ಕೆ ಕಾರಣವು ಯಜಮಾನರ ಅಭಿರುಚಿಗಿಂತ ಹೆಚ್ಚಾಗಿ ಕಾಫಿಹಣ್ಣಿನ ಗುಣ.

ಒಣಗಿದ ಬೀಜದ ಕಡೆಯ ಸಂಸ್ಕಾರವು ತೋಟದಲ್ಲಿ ಆಗುತ್ತಿರಲಿಲ್ಲ. ಅದು ಗೋಣಿಚೀಲಗಳಲ್ಲಿ ತುಂಬಿ, ಎತ್ತಿನ ಗಾಡಿಗಳಲ್ಲಿ ಘಟ್ಟವನ್ನಿಳಿದು ಮಂಗಳೂರಿನ ಕಾಫಿ ಕಾರ್ಖಾನೆಗಳನ್ನು ಸೇರುತ್ತಿದ್ದಿತು. ಅಲ್ಲಿ ಹೊಟ್ಟನ್ನು ಬಿಡಿಸಿ, ಹೊಳಪು ಕೊಟ್ಟು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಿದ್ದರು. ಕಪ್ಪು ಬೀಜಗಳನ್ನೂ ಒಡಕುಗಳನ್ನೂ ಕೈಯಿಂದ ಆರಿಸುವ ಕೆಲಸವು ಹೆಂಗಸರದಾಗಿದ್ದಿತು. ಈ ಕಾರಣದಿಂದ ತೋಟದ ಸಮುದಾಯಕ್ಕೆ ಎರಡು ಕೊನೆಗಳಿದ್ದುವೆಂದು ಹೇಳಬಹುದು: ಒಂದು ಮಂಜರಾಬಾದಿನ ಹಳ್ಳದಲ್ಲಿ, ಇನ್ನೊಂದು ಮಂಗಳೂರಿನ ಕಡಲ ದಂಡೆಯಲ್ಲಿ. ಇವೆರಡನ್ನೂ ಕಟ್ಟಿದ ಹಗ್ಗವೇ ಘಟ್ಟದ ಗಾಡಿದಾರಿ. ಹಾಸನ ಮಂಗಳೂರುಗಳ ನಡುವಣ ರೈಲುಮಾರ್ಗವು ಪೂರ್ಣವಾದುದು ೧೯೭೯ರಲ್ಲಿ. ಅದಕ್ಕೆ ಮುಂಚಿನ ಶತಮಾನಕ್ಕೂ ಮಿಕ್ಕ ಕಾಲ ಬೆಟ್ಟದ ಬೆಳೆಯು ರಸ್ತೆಯನ್ನೇ ನಂಬಿದ್ದಿತು.

೫

ಈ ಪಲ್ಪರುಮನೆಯ ಸುತ್ತ ಕೂಡಿದ ಜನರು ಯಾರು? ಅವರನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯವರು ಸೀಮೆಯ ಊರುಗಳಲ್ಲಿಯೇ ಇದ್ದ ದುಡಿಮೆಗಾರರು. ಎರಡನೆಯವರು ಕುಂದೂರು, ಆಲೂರು ಮೊದಲಾದ ಪೂರ್ವದ ಕಡೆಯಿಂದಲೂ ಬಯಲುಸೀಮೆಯಿಂದಲೂ ಹೊಲದ ಕೆಲಸ ಮುಗಿದಾಗ ಬರುತ್ತಿದ್ದವರು. ಮೂರನೆಯವರು ಘಟ್ಟದ ಕೆಳಗಿನ ತುಳುನಾಡಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳು ಕೂಡಿಸಿ ತಂದವರು.

ಮೊದಲನೆಯ ವರ್ಗದ ವಿಷಯವಾಗಿ ಎರಡು ಹಳೆಯ ಪದಗಳು ಮುಖ್ಯವಾದ ಸಾಕ್ಷ್ಯವನ್ನು ನುಡಿಯುತ್ತವೆ. ಮಲೆನಾಡಿನಲ್ಲಿ, ಇಂದು ಪರಿಶಿಷ್ಟ ಜಾತಿಗಳಲ್ಲಿ ಗಣಿತರಾದ ದುಡಿಮೆಯ ಜನರನ್ನು ‘ಮಣ್ಣಾಳು’ ಮತ್ತು ‘ಹುಟ್ಟಾಳು’ ಎಂದು ಎರಡಾಗಿ ಕರೆಯುತ್ತಿದ್ದರು. ಮಣ್ಣಾಳೆಂದರೆ ಮಣ್ಣಿಗೆ ಸೇರಿದ ಆಳು. ಭೂಮಿಯು ಕೈ ಬದಲಾಯಿಸಿದರೆ ಅವನೂ ಅದರೊಡನೆ ಕೈ ಬದಲಾಯಿಸುತ್ತಿದ್ದನು. ಹುಟ್ಟಾಳೆಂದರೆ ಹುಟ್ಟಿನಿಂದಲೇ ಒಡೆಯನ ಮನೆಗೆ ಸೇರಿದವನು. ‘ಆಳು’ ಎಂಬ ಶಬ್ದವು ಕನ್ನಡದಲ್ಲಿ ಮನುಷ್ಯನೆಂಬ ಅರ್ಥವನ್ನೂ ಸೇವಕನೆಂಬ ಅರ್ಥವನ್ನೂ ಕೊಡುತ್ತದೆ. ‘ಆಳು’ ಎಂಬ ಧಾತುವು ಪಾಲಿಸು ಎಂಬ ಅರ್ಥವನ್ನು ಕೊಡುತ್ತದೆ. ಈ ಮೂರು ಅರ್ಥಗಳಲ್ಲಿ ಮಲೆನಾಡಿನ ಬಡವನ ಪಾಲಿಗೆ ಬಂದುದು ನಡುವಿನದೊಂದೇ.

ಐಗೂರಿನ ಬಳಿ ಕಾಫಿತೋಟವು ಆರಂಭವಾದ ೧೮೪೩ನೆಯ ವರ್ಷದಲ್ಲಿಯೇ ಕಂಪೆನಿಯ ಸರ್ಕಾರವು ತನ್ನ ಆಳ್ವಿಕೆಯ ಪ್ರದೇಶಗಳಲ್ಲಿ ದಾಸ್ಯವನ್ನು ನ್ಯಾಯಾಲಯಗಳು ಮನ್ನಿಸಕೂಡದೆಂದು ಐದನೆಯ ಆಕ್ಟನ್ನು ವಿಧಿಸಿತು. ಮೈಸೂರು ಸಂಸ್ಥಾನವು ಆಗ ಕಮಿಷನರುಗಳ ಆಡಳಿತದಲ್ಲಿದ್ದಿತು. ಈ ಎರಡು ಸಂಗತಿಗಳು ಒಂದೇ ವರ್ಷದಲ್ಲಿ ಕೂಡಿಬಂದುದು ಕಾಕತಾಲೀಯವೇ ಸರಿ. ಆದರೆ ಅವುಗಳ ಫಲವು ಬೆಟ್ಟದಲ್ಲಿ ಒಂದರೊಳಗೊಂದು ಹೆಣೆದುಕೊಂಡಿತು. ಅದುವರೆಗೆ ಬತ್ತದ ಕೂಳಿಗೆ ದುಡಿಯುತ್ತಿದ್ದವನಿಗೆ ಹಣದ ಕೂಲಿ ಕೊಡುವ ಮತ್ತೊಂದು ಬಾಗಿಲು ತೆರೆಯಿತು. ಒಡೆಯನ ಗದ್ದೆಯನ್ನು ಬಿಟ್ಟು ಎರಡು ಗುಡ್ಡಗಳಾಚೆಯ ತೋಟವನ್ನು ಸೇರುವುದು ಸಾಧ್ಯವೆಂಬ ಅರಿವೇ ಹಳೆಯ ಕಟ್ಟನ್ನು ಸಡಿಲಿಸಿತು. ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸೀಮೆಯನ್ನು ನುಂಗಿದ ಮಹಾಕ್ಷಾಮದಲ್ಲಿ ಬಯಲುಸೀಮೆಯ ಹಳ್ಳಿಗಳು ಹಾಳಾದಾಗ, ನೀರೂ ಕೆಲಸವೂ ಇದ್ದ ಮಲೆನಾಡಿನ ಬೆಲೆಯು ಜನರಿಗೆ ಇನ್ನೂ ಚೆನ್ನಾಗಿ ಅರಿವಾಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾಗುವುದು. ತೋಟವು ಒಂದು ಕಟ್ಟನ್ನು ಸಡಿಲಿಸಿ ಇನ್ನೊಂದನ್ನು ಬಿಗಿಯಿತು. ಆ ಹೊಸ ಕಟ್ಟಿನ ಹೆಸರು ‘ಮುಂಗಡ’. ತೋಟದ ಯಜಮಾನನು ಮೇಸ್ತ್ರಿಗೆ ಹಣವನ್ನು ಮುಂದಾಗಿ ಕೊಡುವನು. ಮೇಸ್ತ್ರಿಯು ಅದನ್ನು ಊರುಗಳಲ್ಲಿ ಹಂಚಿ ಆಳುಗಳನ್ನು ಒಪ್ಪಿಸಿ ಕರೆತರುವನು. ಆಳು ದುಡಿದು ತೀರಿಸುವನು. ತೀರಿಸುವುದರೊಳಗೆ ಮದುವೆಯೋ ಕಾಯಿಲೆಯೋ ಬಂದು ಮತ್ತೊಂದು ಮುಂಗಡವಾಗುವುದು. ಮುಂಗಡವನ್ನು ಪಡೆದು ಕೆಲಸಕ್ಕೆ ಬಾರದವನನ್ನು ಶಿಕ್ಷಿಸಲು ೧೮೫೯ರ ಹದಿಮೂರನೆಯ ಆಕ್ಟು ಅವಕಾಶವನ್ನು ಕೊಟ್ಟಿದ್ದಿತು. ದಕ್ಷಿಣ ದೇಶದ ತೋಟಗಾರರು ಇದನ್ನು ಬಹಳವಾಗಿ ಆಶ್ರಯಿಸಿದ್ದರು. ಸಾಲದ ವ್ಯವಹಾರವು ಹೀಗೆ ಅಪರಾಧದ ವ್ಯವಹಾರವಾಯಿತು. ಬ್ರಿಟಿಷ್ ಇಂಡಿಯದಲ್ಲಿ ಈ ವಿಧಿಯು ೧೯೨೫ರ ಶಾಸನದಿಂದ ರದ್ದಾಯಿತು. ಮಣ್ಣಾಳಿನಿಂದ ಮುಂಗಡದ ಆಳಿಗೆ ಬಂದ ಈ ಪರಿವರ್ತನೆಯನ್ನು ಬಿಡುಗಡೆಯೆಂದು ಹೊಗಳುವುದೂ, ಏನೂ ಬದಲಾಗಲಿಲ್ಲವೆಂದು ಹಳಿಯುವುದೂ ಸಮಂಜಸವಲ್ಲ. ಹಳೆಯ ಕಟ್ಟು ಹುಟ್ಟಿನೊಡನೆ ಬರುತ್ತಿದ್ದಿತು. ಹೊಸದು ಹಣದೊಡನೆ ಬಂದಿತು. ಹಣವನ್ನು ತೀರಿಸಲು ಸಾಧ್ಯವಿದ್ದಿತು. ಹುಟ್ಟನ್ನು ತೀರಿಸಲು ಸಾಧ್ಯವಿರಲಿಲ್ಲ. ಈ ಭೇದವು ಅಲ್ಪವಾದರೂ ಚರಿತ್ರಕಾರನು ಮರೆಯತಕ್ಕುದಲ್ಲ.

ಎರಡನೆಯ ಮತ್ತು ಮೂರನೆಯ ವರ್ಗದವರು ಬಹುಕಾಲ ನೆಲೆನಿಲ್ಲಲಿಲ್ಲ. ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಚಳಿಜ್ವರಕ್ಕೆ ಅಂಜಿ ಊರಿಗೆ ಮರಳುತ್ತಿದ್ದರು. ಹೊಲಗದ್ದೆಗಳ ಕೆಲಸ ಮುಗಿದ ಬಳಿಕ ಪುನಃ ಬರುತ್ತಿದ್ದರು. ಕೆಲವರು ಮಾತ್ರ ಹಿಂದಿರುಗದೆ ಲೈನುಮನೆಯಲ್ಲಿ ಉಳಿದರು. ಉಳಿದವರ ಮಕ್ಕಳು ಅಲ್ಲಿ ಹುಟ್ಟಿದರು. ಚರಿತ್ರೆಯಲ್ಲಿ ‘ಮೊದಲ ನೆಲಸಿಗರು’ ಎಂಬ ಬಿರುದು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಉತ್ತರವು ಇಲ್ಲಿದೆ: ತಾನು ಬಂದ ಊರನ್ನು ಬಿಟ್ಟು ತನ್ನ ಮಕ್ಕಳಿಗೆ ಈ ಹಳ್ಳವನ್ನೇ ಊರಾಗಿ ಮಾಡಿದವರು ನೆಲಸಿಗರು.

೬

ಎಲಿಯಟ್ ಸಾಹೇಬರ ನೆಲೆಗೆ ದೊಡ್ಡ ಪರೀಕ್ಷೆಯು ಬಂದುದು ೧೮೬೬ರ ಬಳಿಕ. ಮೊದಲು ಇಲ್ಲಿದ್ದ ಕಾಫಿಯ ತಳಿಗೆ ಚಿಕ್ಕಮಗಳೂರಿನ ಹೆಸರಿನಿಂದ ‘ಚಿಕ್’ ಎನ್ನುತ್ತಿದ್ದರು. ಮಳೆಯು ಕೊರೆಯಾಗಿ ಬಿಸಿಲು ಹೆಚ್ಚಿದ ವರ್ಷಗಳಲ್ಲಿ ಕಾಂಡಕೊರೆಯುವ ಹುಳುವು ಈ ತಳಿಯನ್ನು ಹಿಡಿದು ತೋಟತೋಟಗಳನ್ನೇ ಹಾಳುಮಾಡಿತು. ೧೮೭೦ರ ಸುಮಾರಿನಲ್ಲಿ ಕೊಡಗಿನಿಂದ ಬೀಜವನ್ನು ತರಿಸಿ ನೆಟ್ಟ ಮೇಲೆ ತೋಟಗಳು ಚೇತರಿಸಿಕೊಂಡುವು.

ಆದರೆ ಬೀಜದಷ್ಟೇ ಮುಖ್ಯವಾದುದು ನೆರಳು. ಕಾಡನ್ನು ಪೂರ್ತಿಯಾಗಿ ಕಡಿದು ಬಯಲಲ್ಲಿ ಗಿಡ ನೆಡುವ ಪದ್ಧತಿಯು ಸಿಂಹಳದಲ್ಲಿ ನಡೆದಿದ್ದಿತು. ಆ ಪದ್ಧತಿಯು ಮಂಜರಾಬಾದಿನಲ್ಲಿ ಹುಳುವಿಗೆ ಔತಣವಾಯಿತು. ನೆರಳು ದಟ್ಟವಾಗಿದ್ದೆಡೆ ಹುಳುವಿನ ಕಾಟವು ಕಡಮೆಯೆಂಬುದು ಅನುಭವದಿಂದ ತಿಳಿಯಿತು. ಎಲಿಯಟ್ ಸಾಹೇಬರು ನೆರಳಿನ ಪಕ್ಷವನ್ನು ದೃಢವಾಗಿ ಹಿಡಿದವರು. ಯಾವ ಮರದ ನೆರಳು ಗಿಡಕ್ಕೆ ಹಿತ, ಯಾವುದು ಅಹಿತ ಎಂಬುದನ್ನು ಅವರು ತಮ್ಮ ಎರಡನೆಯ ಗ್ರಂಥದಲ್ಲಿ ಒಂದೊಂದಾಗಿ ವಿವೇಚಿಸಿದ್ದಾರೆ. ಅಲ್ಲಿ ಬಸರಿ, ಗೋಣಿ, ಅತ್ತಿ ಎಂಬ ಮರಗಳ ಕನ್ನಡದ ಹೆಸರುಗಳೇ ಇಂಗ್ಲಿಷ್ ಲಿಪಿಯಲ್ಲಿ ಬಂದಿವೆ. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳು ತಿಳಿದವರು ಕನ್ನಡದ ಹೆಸರುಗಳನ್ನು ಮೊದಲಿಗಿಟ್ಟುದೇಕೆ? ಮರವನ್ನು ತೋರಿಸಿ ‘ಇದು ಗೋಣಿ, ಇದು ಬಸರಿ’ ಎಂದು ಹೇಳಿಕೊಟ್ಟವರು ಕನ್ನಡಿಗರಾದುದರಿಂದ ಎಂಬುದು ಸಹಜವಾದ ಅನುಮಾನ. ಗ್ರಂಥದ ವಾಕ್ಯಗಳು ಇಂಗ್ಲಿಷಿನವು. ಅವುಗಳ ಹಿಂದಣ ವೃಕ್ಷವಿದ್ಯೆಯಲ್ಲಿ ಒಂದು ಪಾಲು ಮಂಜರಾಬಾದಿನ ಗೌಡರದೂ ಆಳುಗಳದೂ ಆಗಿದೆ. ಗುರುವಿನ ಹೆಸರು ಮರೆಯಾದರೂ ಪಾಠವು ಉಳಿದಿದೆ.

ಈ ಪ್ರಸಂಗದಲ್ಲಿ ಇನ್ನೊಂದು ಸಾದೃಶ್ಯವು ಗಮನಾರ್ಹವಾಗಿದೆ. ಎಲಿಯಟ್ ಸಾಹೇಬರು ಸ್ವದೇಶದ ಕ್ಲಿಫ್ಟನ್ ಪಾರ್ಕಿನ ಭೂಮಿಯಲ್ಲಿ, ಆಳವಾಗಿ ಬೇರುಬಿಡುವ ಹುಲ್ಲುಗಳನ್ನೂ ಸಸ್ಯಗಳನ್ನೂ ಬೆರಸಿ ಬೆಳೆಸಿ, ಅವುಗಳ ಬೇರಿನಿಂದಲೇ ನೆಲಕ್ಕೆ ಸತ್ತ್ವವನ್ನು ತುಂಬುವ ಕೃಷಿಕ್ರಮವನ್ನು ನಡೆಸಿದರು. ಈ ಕ್ರಮವು ಅವರ ಭೂಮಿಯ ಹೆಸರಿನಿಂದಲೇ ಕೃಷಿಶಾಸ್ತ್ರದಲ್ಲಿ ಪ್ರಸಿದ್ಧವಾಯಿತು. ಮಂಜರಾಬಾದಿನಲ್ಲಿ ಕಾಡಿನ ಎಲೆಮಣ್ಣು ಕೊಚ್ಚಿಹೋದ ಇಳಿಜಾರುಗಳಲ್ಲಿ ಗಿಡವು ಸೊರಗುವುದನ್ನು ದಶಕಗಳ ಕಾಲ ಕಂಡವರಿಗೆ ನೆಲದ ಸತ್ತ್ವವೇ ಮೂಲಧನವೆಂಬ ಬುದ್ಧಿ ಬಂದುದು ಆಶ್ಚರ್ಯವಲ್ಲ. ಎರಡು ದೇಶಗಳ ನೆಲಗಳು ಒಬ್ಬ ಕೃಷಿಕನ ಮನಸ್ಸಿನಲ್ಲಿ ಒಂದನ್ನೊಂದು ಬೆಳಗಿದ್ದರೆ ಅದನ್ನು ದೇಹಲೀದೀಪನ್ಯಾಯವೆನ್ನಬಹುದು: ಹೊಸ್ತಿಲ ಮೇಲಿನ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದು.

೭

ಇನ್ನು ಪಲ್ಪರುಮನೆಯ ಸಮುದಾಯದ ಮಾತುಗಳನ್ನು ಪರಿಶೀಲಿಸಬಹುದು. ಹಲವು ಸೀಮೆಗಳಿಂದ ಬಂದ ಜನರು ಒಂದು ಕಣದಲ್ಲಿ ಕೆಲಸಮಾಡಿದುದರ ಗುರುತು ಈ ಮಾತುಗಳಲ್ಲಿ ಅಚ್ಚಳಿಯದೆ ನಿಂತಿದೆ. ‘ಮೇಸ್ತ್ರಿ’ ಎಂಬುದು ಪೋರ್ಚುಗೀಸರಿಂದ ಕರಾವಳಿಗೆ ಬಂದು ಘಟ್ಟವನ್ನು ಹತ್ತಿದ ಪದ. ‘ಕಂಗಾಣಿ’ ತಮಿಳಿನದು, ‘ಹಾಜರಿ’ ಅರಬ್ಬಿಯ ಮೂಲದ್ದು, ವಾರದ ಕೂಲಿಯನ್ನು ಹಂಚುವ ‘ಬಟವಾಡೆ’ ಮರಾಠಿಯ ಕಡೆಯಿಂದ ಬಂದುದು. ‘ಪಲ್ಪರು’, ‘ಲೈನು’, ‘ರೈಟರು’ ಇವು ಇಂಗ್ಲಿಷಿನವು. ಆದರೆ ಈ ಕಡೆಯ ಮೂರೂ ಕನ್ನಡಕ್ಕೆ ಬರುವಾಗ ಉಕಾರವನ್ನು ತೊಟ್ಟುಕೊಂಡೇ ಬಂದಿವೆ. ವ್ಯಂಜನದಲ್ಲಿ ಕೊನೆಗೊಳ್ಳುವ ಅನ್ಯಶಬ್ದವು ನಮ್ಮ ಬಾಯಲ್ಲಿ ಸ್ವರಾಂತವಾಗುವುದೆಂಬ ನಿಯಮಕ್ಕೆ ದೊರೆಗಳ ಮಾತೂ ತಲೆಬಾಗಿತು.

ಇವುಗಳ ನಡುವೆ ‘ಮರಗಸಿ’ ಎಂಬ ಪದವು ವಿಶೇಷವಾಗಿ ವಿಚಾರಾರ್ಹವಾಗಿದೆ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆಗಳನ್ನು ಸವರಿ, ಗಿಡಕ್ಕೆ ಬೇಕಾದಷ್ಟೇ ಬೆಳಕನ್ನು ಬಿಡುವ ಕೆಲಸಕ್ಕೆ ಈ ಹೆಸರು. ಎತ್ತರದ ಮರದ ತುದಿಯಲ್ಲಿ ನಿಂತು ಮಾಡುವ ಈ ಕೆಲಸವು ಪ್ರಾಣಾಪಾಯದಿಂದ ಕೂಡಿದುದು. ನುರಿತವರಿಗೆ ಮಾತ್ರ ಸಾಧ್ಯ. ಮರ ಮತ್ತು ಕಸಿ ಎಂಬ ಎರಡು ಪದಗಳು ಸಮಾಸವಾಗುವಾಗ ಉತ್ತರಪದದ ಆದಿಯ ಕಕಾರಕ್ಕೆ ಗಕಾರವು ಆದೇಶವಾಗಿದೆ. ಮಳೆಗಾಲ, ಮರಗಾಲು ಮೊದಲಾದ ಪದಗಳಲ್ಲಿ ಕಾಣುವ, ಕೇಶಿರಾಜನಾದಿಯಾಗಿ ವೈಯಾಕರಣರು ವಿಧಿಸಿರುವ ಸಂಧಿಯೇ ಇದು. ನಾಡಿನಲ್ಲಿ ಬೇರೆಡೆ ‘ಕಸಿ’ ಎಂದರೆ ಒಂದು ಗಿಡದ ಕೊಂಬೆಯನ್ನು ಇನ್ನೊಂದಕ್ಕೆ ಕೂಡಿಸುವುದು. ತೋಟದಲ್ಲಿ ಅದು ಸವರುವುದೆಂಬ ಅರ್ಥದಲ್ಲಿ ನಿಂತಿದೆ. ಅಕ್ಷರವನ್ನರಿಯದ ದುಡಿಮೆಗಾರರು ಹೊಸ ಕೆಲಸಕ್ಕೆ ಹೊಸ ಪದವನ್ನು ಹಳೆಯ ವ್ಯಾಕರಣದಿಂದ ನಿರ್ಮಿಸಿದರೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಿಲ್ಲ.

ಹಾಗೆಯೇ ಚೈತ್ರದ ಸುಮಾರಿಗೆ ಬಿದ್ದು ಮೊಗ್ಗನ್ನು ಅರಳಿಸುವ ಮಳೆಗೆ ‘ಹೂಮಳೆ’ ಎಂದು ಹೆಸರು. ದಿನ ತಪ್ಪಿದರೆ ವರ್ಷದ ಬೆಳೆಯೇ ತಪ್ಪುವ ಈ ಮಳೆಗೆ ಇಷ್ಟು ಚೆಲುವಾದ ಹೆಸರನ್ನಿಟ್ಟುದರಲ್ಲಿ ಆತಂಕವೂ ಆನಂದವೂ ಕೂಡಿವೆ. ‘ಕಣ’ ಎಂಬ ಪದವಾದರೋ ಬತ್ತ ರಾಗಿಗಳ ಒಕ್ಕಣೆಯ ನೆಲದಿಂದ ಬಂದುದು. ಕುಂದೂರಿನ ಕಡೆಯ ರೈತನು ತನ್ನ ಊರಿನ ಕಣವನ್ನು ಮುಗಿಸಿ ತೋಟಕ್ಕೆ ಬಂದು, ಅಲ್ಲಿ ಕಾಫಿಯನ್ನು ಹರಡುವ ನೆಲಕ್ಕೂ ಅದೇ ಹೆಸರನ್ನು ಕೊಟ್ಟನು. ಪರದೇಶದ ಬೆಳೆಯು ಹೀಗೆ ಮಾತಿನ ದ್ವಾರದಿಂದ ಒಳಗೆ ಬಂದು ಮನೆಯ ಬೆಳೆಯಾಯಿತು.

೮

ಮನೆತನದ ಮತ್ತು ತೋಟದ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೮೮೧ರಲ್ಲಿ ಸಂಸ್ಥಾನವು ಮಹಾರಾಜರಿಗೆ ಮರಳಿತು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ಎಲಿಯಟ್ ಸಾಹೇಬರು ತಮ್ಮ ಎರಡನೆಯ ಗ್ರಂಥದಲ್ಲಿ ಈ ಸಭೆಯ ವಿಷಯವನ್ನು ಆದರದಿಂದ ಚರ್ಚಿಸಿದ್ದಾರೆ. ಬೆಳೆಯ ತೂಕದ ಮೇಲೆ ವಸೂಲಾಗುತ್ತಿದ್ದ ‘ಹಾಲತ್ತು’ ಎಂಬ ಸುಂಕವು ೧೮೮೫ರಲ್ಲಿ ನಿಂತು, ಎಕರೆಯ ಲೆಕ್ಕದ ಕಂದಾಯವು ಬಂದಿತು. ೧೮೯೩ರಲ್ಲಿ ದಕ್ಷಿಣ ದೇಶದ ತೋಟಗಾರರೆಲ್ಲರ ಸಂಯುಕ್ತ ಸಂಘವು ಹುಟ್ಟಿತು. ಶತಮಾನದ ಕೊನೆಯಲ್ಲಿ ಬ್ರೆಜಿಲ್ ದೇಶದ ಅತ್ಯುತ್ಪನ್ನದಿಂದ ಬೆಲೆಯು ಕುಸಿದು ಅನೇಕ ತೋಟಗಳು ಕಷ್ಟಕ್ಕೆ ಸಿಕ್ಕಿದುವು. ಎಲಿಯಟ್ ಸಾಹೇಬರು ೧೯೧೪ರಲ್ಲಿ ದಿವಂಗತರಾದರು. ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವು ಏರ್ಪಟ್ಟಿತು. ೧೯೪೨ರ ಶಾಸನದಿಂದ ಕಾಫಿ ಮಂಡಲಿಯು ನೆಲೆಗೊಂಡಿತು. ೧೯೪೭ರ ಬಳಿಕ ಐರೋಪ್ಯರ ತೋಟಗಳಲ್ಲಿ ಬಹುಪಾಲು ಕ್ರಮವಾಗಿ ಈ ದೇಶದವರ ಕೈಸೇರಿದುವು. ಆ ಕಾಲದ ತೋಟಗಾರರ ಹೆಸರುಗಳಲ್ಲಿ ಒಂದು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯ ಹೆಸರಾಗಿ ಜನರ ಬಾಯಲ್ಲಿ ಉಳಿದಿದೆ.

ಲೈನುಮನೆಯ ಜನರಿಗೆ ಈ ಘಟನೆಗಳಿಗಿಂತ ಮುಖ್ಯವಾದುದು ೧೯೫೧ರ ತೋಟ ಕಾರ್ಮಿಕ ಶಾಸನ. ವಸತಿ, ಕುಡಿಯುವ ನೀರು, ವೈದ್ಯ, ಕೂಸುಗಳ ಪಾಲನೆ ಇವುಗಳನ್ನು ಒದಗಿಸುವುದು ದೊಡ್ಡ ತೋಟಗಳ ಯಜಮಾನರಿಗೆ ದಯೆಯ ವಿಷಯವಾಗಿರದೆ ವಿಧಿಯ ವಿಷಯವಾಯಿತು. ಗ್ರೀನ್ ಸಾಹೇಬರ ತೋಟವು ಆರಂಭವಾದ ನೂರೆಂಟು ವರ್ಷಗಳ ಮೇಲೆ, ತೋಟದ ಆಳು ಶಾಸನದ ಭಾಷೆಯಲ್ಲಿ ಕಾರ್ಮಿಕನೆನಿಸಿದನು. ಅಲ್ಲಿಗೆ ಮಣ್ಣಾಳು ಎಂಬ ಪದವು ವ್ಯವಹಾರದಿಂದ ಬಿಟ್ಟುಹೋಗಿ ನಿಘಂಟಿನ ಪದವಾಗುವುದಕ್ಕೆ ದಾರಿಯಾಯಿತು.

ಇಲ್ಲಿಯವರೆಗಿನ ವಿಚಾರದಿಂದ ಸಿದ್ಧವಾಗುವ ನಿರ್ಣಯವಿದು. ಎಲಿಯಟ್ ಸಾಹೇಬರ ಗ್ರಂಥಗಳು ಮಂಜರಾಬಾದಿನ ಚರಿತ್ರೆಗೆ ಅಮೂಲ್ಯವಾದ ಆಧಾರಗಳು. ಕಾಡಿನಲ್ಲಿ ಕಾಲೂರಿ, ಕಷ್ಟಗಳನ್ನು ಸಹಿಸಿ, ಕಂಡುದನ್ನು ಬರೆದಿಟ್ಟ ಶ್ರೇಯಸ್ಸು ಅವರಿಗೆ ಸಲ್ಲತಕ್ಕುದು. ಆದರೆ ಆ ಗ್ರಂಥಗಳನ್ನು ಬರ್ಚಿನಹಳ್ಳದ ‘ಹಳ್ಳ’, ನೆರಳಿನ ಮರದ ‘ಗೋಣಿ’, ಕೆಲಸದ ‘ಮರಗಸಿ’ ಎಂಬ ಮಾತುಗಳೊಡನೆ ಕೂಡಿಸಿ ಓದಿದಾಗ ಮಾತ್ರ ಚರಿತ್ರೆಯು ಪೂರ್ಣವಾಗುವುದು. ಗ್ರಂಥವು ಒಂದು ಮನೆತನದ ಮಾತನ್ನು ಆಡುತ್ತದೆ. ಪದಗಳು ಸಾವಿರ ಮನೆಗಳ ಮಾತನ್ನು ಆಡುತ್ತವೆ. ಶಾಲೆಗಳಲ್ಲಿ ಭಾಷೆಯನ್ನು ಕಲಿಸುವ ಉಪಾಧ್ಯಾಯರು ಸಕಲೇಶಪುರ, ಆಲೂರು ಸೀಮೆಗಳ ವಿದ್ಯಾರ್ಥಿಗಳಿಂದ ಅವರ ಮನೆಯ ಹಿರಿಯರು ಬಳಸುವ ತೋಟದ ಪದಗಳನ್ನು ಬರೆಯಿಸಿ ಕೂಡಿಸಿದರೆ, ಆಳುಗಳ ಹೆಸರುಗಳನ್ನು ಕಾಣದ ಚರಿತ್ರೆಗೆ ಅವರ ದನಿಯಾದರೂ ದೊರೆತಂತಾಗುವುದು. ಯಂತ್ರಗಳು ಬದಲಾಗುತ್ತಿವೆ, ಮರಗಸಿಯನ್ನು ಬಲ್ಲವರು ವಿರಳವಾಗುತ್ತಿದ್ದಾರೆ. ಕೆಲಸವು ಹೋದ ಬಳಿಕ ಅದರ ಮಾತು ಬಹುಕಾಲ ನಿಲ್ಲುವುದಿಲ್ಲವಾದುದರಿಂದ ಈ ಕಾರ್ಯದಲ್ಲಿ ವಿಳಂಬವು ಸಲ್ಲದು.